ಜೈಲಿನ ಗೇಟಿನ ಹೊರಗೆ ನಿಲ್ಲುವವರು ಯಾರು?

ಊರಿನ ಮೊಹಲ್ಲಾ ಗ್ರೂಪುಗಳಲ್ಲಿ ಈಗ ಮದುವೆ, ಮರಣದ ಸುದ್ದಿಗಿಂತ ಬೇಗ ಹರಿದಾಡುವ ಸುದ್ದಿ ಒಂದಿದೆ. ಗಾಂಜಾ ಕೇಸಿನಲ್ಲಿ ಯಾರ ಮಗ ಸಿಕ್ಕಿಬಿದ್ದ, ಎಂಡಿಎಂಎ ಕೇಸಿನಲ್ಲಿ ಯಾರ ಅಳಿಯನ ಹೆಸರಿದೆ ಎಂಬುದು. ಫೋಟೋ ಬರುತ್ತದೆ, ಅದರ ಕೆಳಗೆ ಬೈಗುಳ ಬರುತ್ತದೆ, ನಾಲ್ಕು ದಿನ ಕಳೆದರೆ ಇನ್ನೊಂದು ಫೋಟೋ. ಇಂಥವರ ಮದುವೆಗೆ ಜಮಾಅತ್ ಸಹಕರಿಸಬಾರದು ಎಂಬ ಮಾತೂ ಕರಾವಳಿಯ ಅಲ್ಲಲ್ಲಿ ಕೇಳಿಬರುತ್ತಿದೆ. ಆ ಸಿಟ್ಟು ನಮಗೆ ಅರ್ಥವಾಗದ್ದಲ್ಲ. ಇಲ್ಲಿ ಬಿಸಿಲಲ್ಲಿ ದುಡಿದು ಕಳಿಸಿದ ಹಣ ಅಲ್ಲಿ ಮಗನ ಕೈಯಲ್ಲಿ ಪುಡಿಯಾಗಿ ಹೋದರೆ ಯಾವ ಅಪ್ಪನಿಗೆ ಸಿಟ್ಟು ಬರಲ್ಲ? ಆದರೆ ಅಂಥ ನಿರ್ಣಯಗಳಲ್ಲಿ ಒಂದು ಸಾಲು ಮಾತ್ರ ಯಾವಾಗಲೂ ಬಿಟ್ಟುಹೋಗಿರುತ್ತದೆ. ಅವನು ಜೈಲಿನಿಂದ ಹೊರಗೆ ಬಂದ ಮೇಲೆ ಏನು?

ಬಂದೇ ಬರುತ್ತಾನೆ. ಇಂದಲ್ಲ ನಾಳೆ, ಅದೇ ಓಣಿಗೆ, ಅದೇ ಮನೆಗೆ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ ಇದ್ದವರು ಸುಮಾರು 5.73 ಲಕ್ಷ ಜನ. ಅವರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು, ಅಂದರೆ ತಪ್ಪು ಇನ್ನೂ ಸಾಬೀತಾಗದವರು. ಅವರಲ್ಲಿ ಮುಸ್ಲಿಮರ ಪಾಲು ಜನಸಂಖ್ಯೆಯಲ್ಲಿ ನಮಗಿರುವ ಪಾಲಿಗಿಂತ ಹೆಚ್ಚು. ಇದರ ಹಿಂದೆ ಬಡತನವಿದೆ, ಜಾಮೀನಿಗೆ ನಿಲ್ಲುವವರಿಲ್ಲದ ಸ್ಥಿತಿ ಇದೆ, ಪೊಲೀಸರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಇದೆ. ಆ ಚರ್ಚೆ ಇನ್ನೊಂದು ಸಂಚಿಕೆಗೆ ಇರಲಿ. ಈ ಸಲ ನಾವು ಕೇಳಬೇಕೆಂದಿರುವುದು ಇಷ್ಟೇ: ಒಮ್ಮೆ ಒಳಗೆ ಹೋದವನು ಮತ್ತೆ ಹೋಗದಂತೆ ಮಾಡಲು ಏನಾದರೂ ದಾರಿ ಇದೆಯಾ?

ಜೈಲುಗಳ ಒಳಗೆ ಪ್ರಯತ್ನಗಳು ನಡೆದಿವೆ. ನಮ್ಮದೇ ಮೈಸೂರಿನ ಕೇಂದ್ರ ಕಾರಾಗೃಹದಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳನ್ನು ಸೇರಿಸಿ ನಾಟಕ ಕಟ್ಟಿದರು. ಜೀವಾವಧಿ ಶಿಕ್ಷೆಯವರೂ ಜೈಲಿನ ಹೊರಗಿನ ರಂಗಮಂದಿರಗಳಿಗೆ ಬಂದು ಪಾತ್ರ ಮಾಡಿದರು. 1994ರಲ್ಲಿ ದಿಲ್ಲಿಯ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಹತ್ತು ದಿನ ವಿಪಸ್ಸನ ಧ್ಯಾನಕ್ಕೆ ಕೂತರು. ದುಬೈಯಲ್ಲಿ ಕುರ್‌ಆನ್ ಕಂಠಪಾಠ ಮಾಡಿದ ಕೈದಿಗೆ ಶಿಕ್ಷೆ ಕಡಿತ ಮಾಡುವ ಪದ್ಧತಿ ಎಷ್ಟೋ ವರ್ಷಗಳಿಂದ ಇದೆ. ಇನ್ನು ಹಲವು ದೇಶಗಳಲ್ಲಿ ಹತ್ತು ಹನ್ನೆರಡು ಕೈದಿಗಳನ್ನು ಒಂದು ಸುತ್ತಿನಲ್ಲಿ ಕೂರಿಸಿ, ಅಪರಾಧ ಮಾಡುವ ಮೊದಲು ತಲೆಯಲ್ಲಿ ಏನು ಓಡುತ್ತಿತ್ತು ಎಂದು ಮಾತಾಡಿಸುವ ಕಾರ್ಯಕ್ರಮಗಳಿವೆ. ಗುಂಪು ಯಾಕೆ ಅಂದರೆ, ಒಬ್ಬ ಕೈದಿ ಹೇಳುವ ನೆಪವನ್ನು ಅಧಿಕಾರಿ ನಂಬಬಹುದು, ಉಸ್ತಾದರು ನಂಬಬಹುದು, ಪಕ್ಕದಲ್ಲಿ ಕೂತ ಇನ್ನೊಬ್ಬ ಕೈದಿ ನಂಬಲ್ಲ. ಅವನೂ ಅದೇ ನೆಪ ಹೇಳಿದವನು.

ಇದರಿಂದ ಫಲ ಸಿಕ್ಕಿತಾ? ಕೂಡಿಸಿ ಕಳೆಯುವುದೇ ನಮ್ಮ ಕೆಲಸವಾದ್ದರಿಂದ ಅಂಕಿ ನೋಡದೆ ಮುಂದೆ ಹೋಗಲು ಮನಸ್ಸು ಬರಲ್ಲ. 2021ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಇಂಥ 29 ಪ್ರಯೋಗಗಳನ್ನು, ಒಟ್ಟು ಒಂಬತ್ತು ಸಾವಿರಕ್ಕೂ ಹೆಚ್ಚು ಕೈದಿಗಳ ಲೆಕ್ಕವನ್ನು ಒಟ್ಟು ಸೇರಿಸಿ ನೋಡಿದ ವರದಿ ಬಂತು. ಮೇಲ್ನೋಟಕ್ಕೆ ಲಾಭ ಕಂಡಿತು. ಸಣ್ಣ ಸಣ್ಣ ಪ್ರಯೋಗಗಳನ್ನು ತೆಗೆದಿಟ್ಟು ನೋಡಿದಾಗ ಆ ಲಾಭ ಖಚಿತವಾಗಿ ಉಳಿಯಲಿಲ್ಲ. ಇಂಗ್ಲೆಂಡಿನಲ್ಲಿ ಲೈಂಗಿಕ ಅಪರಾಧಿಗಳಿಗಾಗಿ ವರ್ಷಗಟ್ಟಲೆ ನಡೆಸಿದ ಗುಂಪು ಕಾರ್ಯಕ್ರಮದ ಕಥೆ ಇನ್ನೂ ಕೆಟ್ಟದ್ದು. ಅದರಲ್ಲಿ ಕೂತವರಲ್ಲಿ ಶೇ. 10 ಮಂದಿ ಮತ್ತೆ ಅದೇ ಬಗೆಯ ಅಪರಾಧ ಮಾಡಿದ್ದರು, ಕೂರದವರಲ್ಲಿ ಶೇ. 8. 2017ರಲ್ಲಿ ಅದನ್ನು ನಿಲ್ಲಿಸಿದರು. ಹಾಗಾದರೆ ಎಲ್ಲವೂ ವ್ಯರ್ಥವಾ? ಅಲ್ಲ. ಲ್ಯಾನ್ಸೆಟ್ ವರದಿಯಲ್ಲೇ, ಕೈದಿಗಳು ಒಟ್ಟಿಗೆ ವಾಸವಿದ್ದು ಜವಾಬ್ದಾರಿ ಹಂಚಿಕೊಂಡು ನಡೆಸುವ ಚಿಕಿತ್ಸಾ ಸಮುದಾಯಗಳಿಗೆ ಒಳ್ಳೆಯ ಗುರುತು ಸಿಕ್ಕಿದೆ, ಅಂಥ ಪ್ರಯೋಗಗಳು ಕೆಲವೇ ಆದರೂ. ಜೊತೆಗೆ ಅದನ್ನು ಬರೆದವರು ಒತ್ತಿ ಹೇಳಿದ್ದು, ಒಳಗೆ ಶುರುವಾದ ಆರೈಕೆ ಹೊರಗೂ ಮುಂದುವರಿಯಬೇಕು ಎಂದು. ಜೈಲಿನ ಕೋಣೆಯಲ್ಲಿ ಕಲಿತದ್ದು ಗೇಟಿನ ಹೊರಗೆ ಮೊದಲ ವಾರದಲ್ಲೇ ಕರಗಿಹೋಗುವುದು ಯಾಕೆಂದು ಊಹಿಸಲು ನಮಗೆ ಯಾವ ವರದಿಯೂ ಬೇಡ.

ನಮ್ಮ ಹುಡುಗರ ಮಟ್ಟಿಗೆ ಇನ್ನೊಂದು ತೊಡಕಿದೆ. ಮೇಲೆ ಹೇಳಿದಂಥ ಕಾರ್ಯಕ್ರಮಗಳು ಹೆಚ್ಚಾಗಿ ಶಿಕ್ಷೆಯಾದವರಿಗೆ. ಕೊಡಿಯಾಲ್‌ಬೈಲಿನಂಥ ಜಿಲ್ಲಾ ಜೈಲಿನಲ್ಲಿ ಜಾಮೀನಿಗೆ ಕಾಯುತ್ತಾ ಕೂತವನ ದಿನ ಹೇಗೆ ಕಳೆಯುತ್ತದೆ? ಐದು ಗ್ರಾಂ ಇಟ್ಟುಕೊಂಡಿದ್ದವ ದೊಡ್ಡ ವ್ಯಾಪಾರಿಯ ಪಕ್ಕದಲ್ಲಿ ಮಲಗುತ್ತಾನೆ. ಗುಂಪು ತರಬೇತಿ ಅಲ್ಲೂ ನಡೆಯುತ್ತದೆ, ಪಾಠ ಬೇರೆ ಅಷ್ಟೇ.

ಹಿಂದೆಲ್ಲ ನಮ್ಮ ಕುಟುಂಬಗಳಿಗೆ ಒಂದೇ ಮದ್ದು ಗೊತ್ತಿತ್ತು. ಹುಡುಗ ಹಾದಿ ತಪ್ಪಿದನಾ, ಪಾಸ್‌ಪೋರ್ಟ್ ಮಾಡಿಸಿ ಗಲ್ಫಿಗೆ ಹತ್ತಿಸಿಬಿಡಿ. ಕೇಸು ಬಿದ್ದವನಿಗೆ ಆ ಬಾಗಿಲು ಸುಲಭಕ್ಕೆ ತೆರೆಯಲ್ಲ. ಕ್ರಿಮಿನಲ್ ಪ್ರಕರಣ ಬಾಕಿ ಇದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಂ ಪ್ರಕಾರ ಪಾಸ್‌ಪೋರ್ಟ್ ನಿರಾಕರಿಸಬಹುದು, ಕೋರ್ಟಿನ ಅನುಮತಿ ತರಬೇಕು. ಚಟ ಬಿಡದವನನ್ನು ಹೇಗೋ ಇಲ್ಲಿಗೆ ತಂದರಂತೂ ಅದು ಅವನ ಮೇಲಿನ ಪ್ರೀತಿಯಲ್ಲ. ಸೌದಿಯಲ್ಲಿ ಮಾದಕ ವಸ್ತು ಸಾಗಾಟಕ್ಕೆ ಮರಣದಂಡನೆಯೂ ಇದೆ. ಆದ್ದರಿಂದ ಮದ್ದು ಊರಿನಲ್ಲೇ ಆಗಬೇಕು, ಅದರ ಖರ್ಚಿನಲ್ಲಿ ನಮ್ಮ ಪಾಲೂ ಇರಬೇಕು.

"ನಮ್ಮ ಮಕ್ಕಳನ್ನು ಹಾಳು ಮಾಡಿದವನಿಗೆ ಕೆಲಸವನ್ನೂ ನಾವೇ ಕೊಡಬೇಕಾ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮಾರಿ ಬದುಕುವವನನ್ನೂ ಸೇದಿ ಸಾಯುವವನನ್ನೂ ಒಂದೇ ತಕ್ಕಡಿಯಲ್ಲಿ ಇಡಿ ಎಂದು ನಾವು ಹೇಳುತ್ತಿಲ್ಲ. ಕಾನೂನೂ ಇಡುವುದಿಲ್ಲ. ಎನ್‌ಡಿಪಿಎಸ್ ಕಾಯ್ದೆಯ 39ನೇ ಕಲಂ ಪ್ರಕಾರ ಸಣ್ಣ ಪ್ರಮಾಣದ ಕೇಸಿನಲ್ಲಿ ಅಪರಾಧಿ ಎನಿಸಿದ ವ್ಯಸನಿಯನ್ನು ಅವನ ಒಪ್ಪಿಗೆ ಇದ್ದರೆ ಜೈಲಿನ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರ ಕೋರ್ಟಿಗಿದೆ. ತಾನಾಗಿ ಚಿಕಿತ್ಸೆಗೆ ಬಂದವನಿಗೆ 64ಎ ಕಲಂ ರಕ್ಷಣೆಯ ದಾರಿಯನ್ನೂ ಇಟ್ಟಿದೆ. ವಕೀಲರಿಗೆ ಹಣ ಕೊಟ್ಟ ಎಷ್ಟು ಮನೆಯವರು ಈ ಎರಡು ಕಲಂಗಳ ಬಗ್ಗೆ ಕೇಳಿದ್ದಾರೆ? ಜಾಮೀನು ಸಿಕ್ಕಿಯೂ ಹಣವಿಲ್ಲದೆ ಒಳಗೇ ಉಳಿದ ಬಡವರಿಗಾಗಿ ಕೇಂದ್ರ ಸರ್ಕಾರದ 2023ರ ಯೋಜನೆಯಲ್ಲಿ ನೆರವಿದೆ. ಅದೂ ಹೆಚ್ಚಿನವರಿಗೆ ತಿಳಿದಿಲ್ಲ.

ಯೂಸುಫ್ (ಅ.) ರವರ ಚರಿತ್ರೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಜೈಲಿನಲ್ಲಿ ಜೊತೆಗಿದ್ದ ಇಬ್ಬರು ಯುವಕರನ್ನು ಕೂರಿಸಿಕೊಂಡು, ಕನಸಿನ ಅರ್ಥ ಹೇಳುವ ಮೊದಲು ಅವರಿಗೆ ಸತ್ಯದ ಮಾತು ಹೇಳಿದರು. ಅವರಲ್ಲಿ ಬಿಡುಗಡೆಯಾಗಲಿದ್ದವನ ಬಳಿ, ನಿನ್ನ ಒಡೆಯನಲ್ಲಿ ನನ್ನ ವಿಷಯ ಹೇಳು ಅಂದರು. ಹೊರಗೆ ಹೋದವ ಮರೆತ. ಯೂಸುಫ್ (ಅ.) ಇನ್ನೂ ಕೆಲವು ವರ್ಷ ಒಳಗೇ ಉಳಿದರು.

ನಮ್ಮ ಘಟಕಗಳ ಮುಂದೆ ನಾವಿಡುವ ಪ್ರಸ್ತಾಪ ದೊಡ್ಡದೇನಲ್ಲ. ಜೈಲಿನಿಂದ ಬಂದ ಹುಡುಗನಿಗೆ ಮೊದಲ ಆರು ತಿಂಗಳು ಕೆಲಸ ಕೊಡಲು ಒಪ್ಪುವ ಒಂದು ಅಂಗಡಿ, ಒಂದು ಗ್ಯಾರೇಜು, ಒಂದು ಕಟ್ಟಡ ಕೆಲಸದ ಮೇಸ್ತ್ರಿ, ಪ್ರತಿ ಮೊಹಲ್ಲಾದಲ್ಲಿ ಸಿಕ್ಕರೆ ಸಾಕು. ಮದ್ರಸದ ಹಾಲಿನಲ್ಲಿ ವಾರಕ್ಕೊಂದು ಸಂಜೆ, ಚಟ ಬಿಟ್ಟವರೂ ಬಿಡಲು ಒದ್ದಾಡುವವರೂ ಒಟ್ಟಿಗೆ ಕೂರುವ ಮಜ್ಲಿಸ್. ಅದಕ್ಕೆ ಫೋಟೋ ಬೇಡ, ಫ್ಲೆಕ್ಸ್ ಬೇಡ, ಉದ್ಘಾಟನೆಯೂ ಬೇಡ. ತರಬೇತಿ ಪಡೆದ ಕೌನ್ಸೆಲರ್ ಒಬ್ಬರ ಗೌರವಧನವನ್ನು ನಾವಿಲ್ಲಿ ತಿಂಗಳಿಗೆ ಹತ್ತು ಹತ್ತು ರಿಯಾಲ್ ಹಾಕಿ ಭರಿಸಬಹುದು. ಝಕಾತಿನಿಂದ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಉಲಮಾಗಳಲ್ಲಿ ಕೇಳಿಯೇ ಮಾಡೋಣ.

ಇನ್ನು ಮನೆ. ಅಪ್ಪ ಇಲ್ಲಿ, ಮಗ ಜೈಲಲ್ಲಿ, ನಡುವೆ ಉಮ್ಮ ಒಬ್ಬಳೇ ವಕೀಲರ ಆಫೀಸು, ಕೋರ್ಟು, ಜೈಲಿನ ಭೇಟಿಯ ಸಾಲು ಎಂದು ಅಲೆಯುವ ಮನೆಗಳು ನಮ್ಮ ನಡುವೆ ಇವೆ. ಇಲ್ಲಿಂದ ಫೋನಿನಲ್ಲಿ "ಅವನು ಇನ್ನು ಮನೆ ಮೆಟ್ಟಿಲು ಹತ್ತಬಾರದು" ಎಂದು ಹೇಳಿ ಇಡುವುದು ಒಂದು ನಿಮಿಷದ ಕೆಲಸ. ಬಿಡುಗಡೆಯ ದಿನ ಗೇಟಿನ ಹತ್ತಿರ ಬೈಕು ನಿಲ್ಲಿಸಿಕೊಂಡು ಕಾಯಲು ಹಳೆಯ ಗೆಳೆಯರು ಮಾತ್ರ ಮರೆಯುವುದಿಲ್ಲ. ಆ ದಿನ ಅಲ್ಲಿಗೆ ಹೋಗಿ ನಿಲ್ಲುವ ಮಾವನೋ, ಕಾಕನೋ, ಮಸೀದಿಯ ಕಾರ್ಯದರ್ಶಿಯೋ ನಿಮ್ಮ ಮೊಹಲ್ಲಾದಲ್ಲಿ ಯಾರಿದ್ದಾರೆ? ಹೆಸರುಗಳನ್ನು ಮುಂದಿನ ತಿಂಗಳ ಸಭೆಯೊಳಗೆ ನಿಮ್ಮ ಘಟಕದ ಕಾರ್ಯದರ್ಶಿಗೆ ಕೊಡಿ.