ನಮ್ಮ ಮನೆಯ ಆರೆಸ್ಸೆಸ್ಸು

ಬ್ಲಾಗಿಗೆ ಧೂಳು ಹಿಡಿದು ತಿಂಗಳುಗಳೇ ಆದವು. ಇವತ್ತು ಒರೆಸಿಕೊಂಡು ಕೂತಿದ್ದೇನೆ :-)

ಹೋದ ವರ್ಷ ವಿಜಯನಗರದ ಚಿಕ್ಕಪ್ಪನ ಮನೆಗೆ ಹೋಗಿದ್ದಾಗ ಅವರು ಕೇಳಿದರು, "ಅಲ್ಲ ಕಣೋ, ಕನ್ನಡ ಬ್ಲಾಗುಗಳೆಲ್ಲ ಎಲ್ಲಿ ಹೋದವು?" ಒಂದು ಕಾಲಕ್ಕೆ ಅವರ ಗೂಗಲ್ ರೀಡರಿನಲ್ಲಿ ಅರವತ್ತು ಬ್ಲಾಗುಗಳಿದ್ದವಂತೆ. 2013ರ ಜುಲೈ 1ಕ್ಕೆ ಗೂಗಲ್ ಅದರ ಬಾಗಿಲು ಹಾಕಿತು, ಚಿಕ್ಕಪ್ಪನ ಓದೂ ಅಲ್ಲಿಗೇ ನಿಂತಿತು. ಪುಣ್ಯಕ್ಕೆ ಪಟ್ಟಿಯನ್ನು ಇಳಿಸಿಟ್ಟುಕೊಂಡಿದ್ದರು, ಹಳೇ ಪೆನ್‌ಡ್ರೈವಿನಲ್ಲಿ ಒಂದು ಓಪಿಎಂಎಲ್ ಕಡತ.

"ಆರೆಸ್ಸೆಸ್ ಹಾಕಿಕೊಡ್ತೀನಿ ಚಿಕ್ಕಪ್ಪ" ಅಂದೆ. ಅಡುಗೆಮನೆಯಿಂದ ಚಿಕ್ಕಮ್ಮ, "ಈ ವಯಸ್ಸಲ್ಲಿ ಇವರು ಶಾಖೆಗೆ ಹೋಗ್ತಾರೇನೋ?" ಅಂದರು. ಅದಲ್ಲ ಚಿಕ್ಕಮ್ಮ, ಇದು ಬೇರೆ... ಒಂದು ತಾಣದಲ್ಲಿ ಹೊಸದೇನು ಬಂತು ಅಂತ ತಿಳಿಸುವ ಸಣ್ಣ ಕಡತ, 1999ರಿಂದ ಇದೆ.

ಬಸವೇಶ್ವರನಗರದ ನಮ್ಮ ಮನೆಯ ಅಟ್ಟದಲ್ಲಿ ಬಿದ್ದಿದ್ದ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕಿ ಫ್ರೆಶ್‌ಆರೆಸ್ಸೆಸ್ ಕೂರಿಸಿದೆ. ಕರೆಂಟ್ ಹೋದರೆ ಅದರ ಮುದಿ ಬ್ಯಾಟರಿಯೇ ಯುಪಿಎಸ್ಸು. ಪಿಎಚ್‌ಪಿ, ಎಸ್‌ಕ್ಯೂಲೈಟ್ ಇದ್ದರೆ ಸಾಕು, ದೊಡ್ಡ ಯಂತ್ರವೇನೂ ಬೇಡ. ನನ್ನ ಅರ್ಧ ದಿನ ತಿಂದಿದ್ದು ಕ್ರಾನ್. ಗಂಟೆಗೊಮ್ಮೆ ಫೀಡು ತರುವ ಕೆಲಸವನ್ನು ರೂಟ್ ಹೆಸರಲ್ಲಿ ಓಡಿಸಿದ್ದೆ. ಕಡತಗಳೆಲ್ಲ ರೂಟಿನ ಸ್ವತ್ತಾಗಿ, ವೆಬ್ ಸರ್ವರ್ ಬರೆಯಲಾಗದೆ ಮುನಿಸಿಕೊಂಡಿತ್ತು. ವೆಬ್ ಸರ್ವರಿನ ಬಳಕೆದಾರನ ಹೆಸರಿಗೇ ಬದಲಿಸಿದ ಮೇಲೆ ಸರಿಹೋಯಿತು. ತಮಾಷೆ ನೋಡಿ, ಫೋನಿನ ಎಷ್ಟೋ ಆ್ಯಪುಗಳು ಇದರ ಜೊತೆ ಮಾತಾಡುವುದು ಗೂಗಲ್ ರೀಡರಿನ ಎಪಿಐ ಭಾಷೆಯಲ್ಲೇ. ಸತ್ತವನ ಭಾಷೆ ಇನ್ನೂ ಬದುಕಿದೆ!

ಪಟ್ಟಿ ಒಳಗೆ ಹಾಕಿದರೆ ಅರ್ಧಕ್ಕರ್ಧ ಬ್ಲಾಗುಗಳು ಮೌನ. ಆದರೆ ಹತ್ತೋ ಹನ್ನೆರಡೋ ಮಂದಿ ಇನ್ನೂ ಬರೆಯುತ್ತಿದ್ದರು! ಬರೆಯುವವರು ಇದ್ದರು, ನಮಗೆ ತೋರಿಸುವವರು ಇರಲಿಲ್ಲ ಅಷ್ಟೆ. ಯಾವುದೋ ಕಂಪೆನಿಯ ಅಲ್ಗಾರಿದಮ್ಮು ತಾನಾಗಿ ಮಲೆನಾಡಿನ ಮೇಷ್ಟ್ರೊಬ್ಬರ ಬರಹ ತಂದು ನಮ್ಮ ಮುಂದಿಡುತ್ತದೆ ಅಂತ ಕಾಯುವುದು ದಂಡ. ಓದುವ ಪಟ್ಟಿ ನಮ್ಮ ಕೈಯಲ್ಲೇ ಇರಬೇಕು.

ಆದರೆ ನನ್ನ ಸಂಕಟ ಬೇರೆ. ಮೇಷ್ಟ್ರು ಅಂದೆನಲ್ಲ, ಅಂಥ ಒಬ್ಬರು ನಿಜಕ್ಕೂ ಪಟ್ಟಿಯಲ್ಲಿದ್ದರು, ಚಿಕ್ಕಪ್ಪನ ಮೆಚ್ಚಿನವರು. ಹೋದ ತಿಂಗಳು ಅವರ ಬ್ಲಾಗು ಇದ್ದಕ್ಕಿದ್ದಂತೆ ಮಾಯ. ಯಾಕೋ ಗೊತ್ತಿಲ್ಲ. ಚಿಂತೆಯಿಲ್ಲ, ಎಲ್ಲ ನಮ್ಮ ಡಬ್ಬದಲ್ಲಿದೆ ಅಂತ ಜಂಬದಿಂದ ತೆರೆದೆ. ಬರಹಗಳು ಇದ್ದವು, ಆದರೆ ಪ್ರತಿಯೊಂದೂ ಎರಡೇ ಸಾಲು, ಆಮೇಲೆ ಮೂರು ಚುಕ್ಕಿ. ಅವರು ಫೀಡನ್ನು "ಚಿಕ್ಕದು" ಅಂತ ಇಟ್ಟಿದ್ದರು.

ಪತ್ರಿಕೆಗಳ ತಾಣಗಳು ಹೀಗೆ ಮಾಡಿದರೆ ಅರ್ಥವಾಗುತ್ತದೆ, ಜಾಹೀರಾತು ನೋಡಲು ನಾವು ಅಲ್ಲಿಗೇ ಹೋಗಬೇಕು. ನಮಗೇನು ದುಡ್ಡು ಬರುತ್ತಾ ಸ್ವಾಮಿ? ಬ್ಲಾಗರಿನಲ್ಲಿ ಸೆಟ್ಟಿಂಗ್ಸ್ ಒಳಗೆ ಸೈಟ್ ಫೀಡ್ ಅಂತಿದೆ, ವರ್ಡ್‌ಪ್ರೆಸ್ಸಿನಲ್ಲಿ ರೀಡಿಂಗ್ ಅಂತಿದೆ. ಅಲ್ಲಿ "ಪೂರ್ತಿ" ಆರಿಸಿ. ಒಂದೇ ಕ್ಲಿಕ್ಕು. ಕದಿಯುವವರು ಹೇಗಿದ್ದರೂ ಕದಿಯುತ್ತಾರೆ.

ಮೇಷ್ಟ್ರ ಬ್ಲಾಗನ್ನು ಪಟ್ಟಿಯಿಂದ ತೆಗೀಲಾ ಅಂತ ಚಿಕ್ಕಪ್ಪನನ್ನು ಕೇಳಿದೆ. "ಇರಲಿ ಬಿಡೋ" ಅಂದರು. ಮನೆಗೆ ಬಂದು ಇದೇ ಬ್ಲಾಗಿನ ಸೆಟ್ಟಿಂಗ್ಸ್ ತೆರೆದರೆ ನನ್ನದೂ "ಚಿಕ್ಕದು" ಅಂತಲೇ ಇತ್ತು. ಈಗಷ್ಟೇ ಬದಲಿಸಿದೆ.