ಬೋರಿಗೆ ಫೋನು, ಪ್ರಿಂಟರಿಗೆ ಕಾಯೋದು!

ಗೌರಿಬಿದನೂರು ಸೀಮೆಯ ಎಷ್ಟೋ ರೈತರು ಈಗ ನಡುರಾತ್ರಿ ಬ್ಯಾಟರಿ ಹಿಡಿದು ಪಂಪ್‌ಸೆಟ್ ಹಾಕಲು ಓಡಬೇಕಿಲ್ಲ. ಸ್ಟಾರ್ಟರ್ ಪೆಟ್ಟಿಗೆಗೆ ಸಿಮ್ ಇರುವ ಸಾಧನವೊಂದನ್ನು ಜೋಡಿಸಿದರೆ ಮುಗಿಯಿತು. ಮನೆ ಜಗಲಿಯಲ್ಲಿ ಕುಳಿತೇ ಫೋನು ಮಾಡಿ ಮೋಟಾರು ಓಡಿಸುತ್ತಾರೆ. ಆದರೆ ಅದೇ ರೈತ ಅಲೀಪುರದಿಂದ ಕೆಲಸ ಬಿಟ್ಟು ಒಂದು ಪಹಣಿಗೋ ದಾಖಲೆಗೋ ಕಚೇರಿಗೆ ಬಂದರೆ?

"ಪ್ರಿಂಟರ್ ಆಫಾಗೈತೆ. ಆ ರೂಮಿನ ಬೀಗದ ಕೈ ಇಟ್ಕೊಂಡಿರೋರು ಮೀಟಿಂಗಿಗೆ ಹೋಗವ್ರೆ. ನಾಳೆ ಬಾರಪ್ಪ."

ಇದು ಒಂದು ಕಚೇರಿಯ ಕಥೆಯಲ್ಲ. ನಾಲ್ಕಾರು ಕಂಪ್ಯೂಟರಿಗೆ ಒಂದೇ ಪ್ರಿಂಟರ್ ಜೋಡಿಸಿ, ಅದನ್ನು ಪಕ್ಕದ ಕೋಣೆಯಲ್ಲಿಟ್ಟು ಬೀಗ ಜಡಿದ ಕಡೆಯೆಲ್ಲ ಇದೇ ಪಾಡು. ಬೋರು ಫೋನಿಗೆ ಏಳುತ್ತದೆ, ಪ್ರಿಂಟರ್ ಯಾಕೆ ಏಳದು ಎಂದು ರೈತ ಕೇಳಿದರೆ ತಪ್ಪೇನು?

ಉತ್ತರ ಸರಳ. ಪ್ರಿಂಟರ್ ಮಲಗುವುದು ಬೇರೆ, ಆರಿಹೋಗುವುದು ಬೇರೆ. ಕೆಲಸವಿಲ್ಲದಾಗ ಅದು ತಾನೇ ನಿದ್ರೆಗೆ ಜಾರುತ್ತದೆ. ಆಗಲೂ ಅದರ ನೆಟ್‌ವರ್ಕ್ ಭಾಗ ಎಚ್ಚರವಾಗಿದ್ದು, ಕಂಪ್ಯೂಟರಿನಿಂದ ಆದೇಶ ಬಂದ ಕೂಡಲೇ ಎದ್ದು ಅಚ್ಚು ಹಾಕುತ್ತದೆ. ಗೋಡೆಯ ಸ್ವಿಚ್ಚನ್ನೇ ಆರಿಸಿದರೆ ಆ ಆದೇಶವನ್ನು ಕೇಳಿಸಿಕೊಳ್ಳುವವರು ಯಾರು? ಪಂಪಿನ ಸ್ಟಾರ್ಟರಿನಲ್ಲೂ ಸಿಮ್ ಇರುವ ಭಾಗ ಸದಾ ಎಚ್ಚರವಾಗಿರುವುದರಿಂದಲೇ ಫೋನಿನ ಆಟ ನಡೆಯುವುದು.

ಫೋನಿನಿಂದ ನಡೆಯುವ ಪ್ಲಗ್ಗನ್ನು ಪ್ರಿಂಟರಿಗೂ ಹಾಕಿದರಾಯಿತಲ್ಲ ಎನ್ನುವವರುಂಟು. ಹಳೇ ಕಾಲದ ಟಪ್ ಎನ್ನುವ ಸ್ವಿಚ್ಚಿನ ಯಂತ್ರಕ್ಕೆ ಅದು ಸರಿ. ಈಗಿನ ಅನೇಕ ಪ್ರಿಂಟರುಗಳಿಗಿರುವುದು ಒತ್ತುವ ಬಟನ್ನು. ಕರೆಂಟು ಹೋಗಿ ಬಂದರೂ ಯಾರಾದರೂ ಬೆರಳಿಟ್ಟು ಒತ್ತುವ ತನಕ ಅವು ಸುಮ್ಮನೆ ಕೂತಿರುತ್ತವೆ. ಇನ್ನು ಕೆಲವು, ಕೆಲ ಗಂಟೆ ಕೆಲಸವಿಲ್ಲದಿದ್ದರೆ ತಾವೇ ಪೂರ್ತಿ ಆರಿಹೋಗುತ್ತವೆ. ಈ ಅಭ್ಯಾಸವನ್ನು ಸೆಟ್ಟಿಂಗಿನಲ್ಲಿ ಬಿಡಿಸಬಹುದು. ಬಿಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ, ಅಷ್ಟೆ.

ಕರೆಂಟು ಉಳಿಸಲು ಸ್ವಿಚ್ ತೆಗೀತೀವಿ ಎನ್ನುತ್ತಾರೆ. ಎಷ್ಟು ಉಳಿಯುತ್ತದೆ? ನಿದ್ರೆಯಲ್ಲಿರುವ ಪ್ರಿಂಟರ್ 2 ವ್ಯಾಟ್ ಎಳೆದರೆ ತಿಂಗಳಿಡೀ ಹಗಲೂ ರಾತ್ರಿ ಸೇರಿ ಒಂದೂವರೆ ಯೂನಿಟ್ಟೂ ಆಗದು. ಈ ಒಂದೂವರೆ ಯೂನಿಟ್ಟಿಗಾಗಿ ಒಬ್ಬ ಬಡವನ ಬಸ್ ಚಾರ್ಜು, ಒಂದು ದಿನದ ಕೂಲಿ ಹಾಳು! ಗುಡುಗು ಸಿಡಿಲಿನ ಹೊತ್ತು ಪ್ಲಗ್ ಕಿತ್ತಿಡಲಿ, ಬೇಡವೆನ್ನುವವರಿಲ್ಲ. ಆದರೆ ಮೋಡ ಸರಿದ ಮೇಲೆ ಹಾಕುವವರೂ ಇರಬೇಕಲ್ಲ?

2000ರ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದಾಗ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ ಈ ಸೀಮೆ ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಗ್ರಾಮಲೆಕ್ಕಿಗರ ಕೈಬರಹಕ್ಕೆ, ಅವರ ಮರ್ಜಿಗೆ ಕಾಯುವ ಕಾಲ ಮುಗಿಯಿತೆಂದು ಜನ ನಿಟ್ಟುಸಿರಿಟ್ಟರು. 2011ರಲ್ಲಿ ಸಕಾಲ ಕಾಯ್ದೆಯೂ ಬಂತು. ಇಂಥ ಕೆಲಸ ಇಷ್ಟು ದಿನದೊಳಗೆ ಆಗಬೇಕೆಂಬ ಗಡುವು ಬಿತ್ತು. ಇಷ್ಟೆಲ್ಲ ಆದ ಮೇಲೂ ಅಂದು ಪೆನ್ನಿಗೆ ಕಾಯುತ್ತಿದ್ದವರು ಇಂದು ಬಟನ್ನಿಗೆ ಕಾಯಬೇಕೆಂದರೆ ಪ್ರಗತಿ ಎನ್ನುವುದು ಯಾವುದಕ್ಕೆ?

ಕೋಟಿ ರೂಪಾಯಿಯ ಹೊಸ ಯೋಜನೆ ಯಾರೂ ಕೇಳುತ್ತಿಲ್ಲ. ಕಚೇರಿ ವೇಳೆಯಲ್ಲಿ ಪ್ರಿಂಟರ್ ಮಲಗಲಿ, ಗೋಡೆ ಸ್ವಿಚ್ ಆರದಿರಲಿ. ತಾನೇ ಆರುವ ಸೆಟ್ಟಿಂಗ್ ತೆಗೆಯಲಿ. ಕರೆಂಟು ಹೋಗಿ ಬಂದಾಗ ಬಟನ್ ಒತ್ತುವ ಹೊಣೆ ಒಬ್ಬರಿಗೆ ವಹಿಸಿ, ಅವರ ಹುದ್ದೆಯನ್ನು ನೋಟೀಸ್ ಬೋರ್ಡಿನಲ್ಲಿ ಬರೆಯಲಿ. ಬೀಗದ ಇನ್ನೊಂದು ಕೈ ಕಚೇರಿಯಲ್ಲೇ ಇರಲಿ.

ಹರಳಿನ ವ್ಯಾಪಾರಕ್ಕೆ ದೂರದೂರು ಸುತ್ತುವ ಜನರ ಊರು ಅಲೀಪುರ. ಕಾಣದ ಊರಿನೊಡನೆ ಫೋನಿನಲ್ಲೇ ವ್ಯವಹಾರ ಕುದುರಿಸುವ ಈ ಊರಿನವರಿಗೆ ಪಕ್ಕದ ಕೋಣೆಯ ಪ್ರಿಂಟರ್ ಎಟುಕದು ಎಂದು ಹೇಳಿ ನಂಬಿಸುವುದು ಕಷ್ಟ. ಸಂಬಂಧಪಟ್ಟವರು ಇನ್ನಾದರೂ ಆ ಬಟನ್ನಿನತ್ತ ಬೆರಳು ಚಾಚುವರೇ?