ಚೀಟಿಯಲ್ಲಿ ಹೆಸರಿಲ್ಲದವರು

ಬಾಯಾರಿನ ನಮ್ಮ ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಮನೆಮಾತು ತುಳು, ಓದಿದ್ದು ಕನ್ನಡ. ಮಲಯಾಳವೆಂದರೆ ಬಸ್ಸಿನಲ್ಲಿ ಟಿಕೆಟು ಕೇಳುವಷ್ಟು. ಕಳೆದ ಮಳೆಗಾಲದಲ್ಲಿ ಕಾಲು ಬಾತುಕೊಂಡು ಆಸ್ಪತ್ರೆ ಸೇರಿದವರು ಐದು ದಿನಗಳಲ್ಲಿ ಚೇತರಿಸಿಕೊಂಡು ಮನೆಗೆ ಮರಳಿದರು. ಹೊರಡುವಾಗ ಔಷಧಿ ಕೊಡುವ ಕಿಟಕಿಯಲ್ಲಿದ್ದವರು ಮಾತ್ರೆಯ ಪೊಟ್ಟಣವನ್ನು ಕೈಗಿತ್ತು "ರಾವಿಲೆ ಒನ್ನ್" ಎಂದರು. ಪೊಟ್ಟಣದ ಮೇಲೆ ಮಲಯಾಳ ಅಕ್ಷರಗಳಲ್ಲಿ ಬರೆದದ್ದೂ ಅದನ್ನೇ. ಹಿಂದೆ ಉದ್ದನೆಯ ಸಾಲು ಕಾಯುತ್ತಿತ್ತು. ದೊಡ್ಡಮ್ಮ ಮೊದಲ 'ರಾ'ವನ್ನು ಹಿಡಿದುಕೊಂಡು, ರಾತ್ರಿ ಒಂದು ಎಂದು ತಿಳಿದರು. ಪಕ್ಕದಲ್ಲಿ ನಿಂತಿದ್ದ ನಾನು ಆಂಬುಲೆನ್ಸಿನವರೊಡನೆ ಬಾಡಿಗೆಯ ಮಾತಿನಲ್ಲಿದ್ದೆ.

ಅದು ಮೈಯಲ್ಲಿ ತುಂಬಿದ ನೀರನ್ನು ಮೂತ್ರವಾಗಿ ಹೊರಹಾಕುವ ಮಾತ್ರೆ. ಬೆಳಗ್ಗೆ ನುಂಗಿದರೆ ಹಗಲಿನಲ್ಲೇ ಅದರ ಕೆಲಸ ತೀರುತ್ತದೆ. ರಾತ್ರಿ ನುಂಗಿದವರು ಮತ್ತೆ ಮತ್ತೆ ಏಳಬೇಕು. ನಾಲ್ಕನೆಯ ರಾತ್ರಿ ದೊಡ್ಡಮ್ಮ ಬಚ್ಚಲಿನ ಹೊಸ್ತಿಲಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಎಲುಬು ಮುರಿದುಕೊಂಡರು. ಮರುದಿನ ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಗೆ ಗಾಲಿಕುರ್ಚಿ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸು, "ಅಮ್ಮಾ, ಬಿದ್ದದ್ದು ಹೇಗೆ?" ಎಂದು ತುಳುವಿನಲ್ಲಿ ವಿಚಾರಿಸಿದಳು. ಕಥೆಯನ್ನು ಪೂರ್ತಿ ಕೇಳಿ, ಚೀಲದಿಂದ ಪೊಟ್ಟಣವನ್ನು ತೆಗೆಸಿ ನೋಡಿದಳು. "ರಾವಿಲೆ ಪಂಡ ಕಾಂಡೆ ಅಮ್ಮಾ, ರಾತ್ರೆ ಅತ್ತ್!" ಎಂದವಳೇ ನನ್ನ ಕಿಸೆಯ ಪೆನ್ನು ಕೇಳಿ ಪಡೆದು ಆ ಪೊಟ್ಟಣದ ಮೇಲೆ ಒಂದು ಸೂರ್ಯನನ್ನು ಬರೆದಳು. ಇನ್ನೊಂದು ಮಾತ್ರೆಯ ಪೊಟ್ಟಣದ ಮೇಲೆ ಚಂದ್ರನನ್ನು ಬರೆದಳು. ವೈದ್ಯರಿಗೂ ವಿಷಯವನ್ನು ತಿಳಿಸಿದ್ದು ಅವಳೇ.

ನಮ್ಮ ಬಳಿಯಿರುವ ಚೀಟಿಯಲ್ಲಿ ವೈದ್ಯರ ಹೆಸರಿದೆ, ವಾರ್ಡಿನ ಸಂಖ್ಯೆಯಿದೆ. ಆಕೆಯ ಹೆಸರಿಲ್ಲ. ಕೇಳಿಕೊಳ್ಳಬೇಕೆಂದು ನನಗೂ ಆಗ ತೋಚಲಿಲ್ಲ.

ಇಂಥವರ ದುಡಿಮೆಯನ್ನು ಆಡಳಿತದ ಭಾಷೆಯಲ್ಲಿ ಪೂರಕ ಸೇವೆಯೆಂದು ಕರೆಯುತ್ತಾರೆ. ಗುಡಿಸುವವರು, ಬಟ್ಟೆ ಒಗೆಯುವವರು, ಅಡುಗೆಯವರು, ಲ್ಯಾಬಿನವರು, ಔಷಧಿ ಕೊಡುವವರು, ಉಪಕರಣ ಶುದ್ಧೀಕರಿಸುವವರು, ಗಾಲಿಕುರ್ಚಿ ತಳ್ಳುವವರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಪೂರಕವೆಂಬ ಪದ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ ಎಂಬ ಧ್ವನಿ ಅದರಲ್ಲಿದೆ. ಶಸ್ತ್ರಚಿಕಿತ್ಸೆಯ ಕತ್ತರಿಯೊಂದನ್ನು ಹಿಡಿದು ಈ ಮಾತನ್ನು ಪರೀಕ್ಷಿಸಬಹುದು.

ಬಳಸಿದ ಕತ್ತರಿಯನ್ನು ಮೊದಲು ಉಜ್ಜಿ ತೊಳೆಯಬೇಕು. ಸಂದಿಯಲ್ಲಿ ಒಣಗಿದ ರಕ್ತ ಉಳಿದರೆ ಅದರ ಮರೆಯಲ್ಲಿ ರೋಗಾಣುಗಳು ಬದುಕಿಕೊಳ್ಳುತ್ತವೆ. ಎಷ್ಟು ಬಿಸಿ ಮಾಡಿದರೂ ಫಲ ಖಚಿತವಲ್ಲ. ತೊಳೆದು ಒಣಗಿಸಿ, ಬಟ್ಟೆಯಲ್ಲಿ ಪೊಟ್ಟಣ ಕಟ್ಟಿ ಆಟೋಕ್ಲೇವ್ ಎಂಬ ಉಗಿಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಮ್ಮ ಅಡುಗೆಮನೆಯ ಕುಕ್ಕರಿನ ದೊಡ್ಡಣ್ಣ ಅದು. ಸಾಮಾನ್ಯ ಮಾದರಿಯ ಯಂತ್ರದಲ್ಲಿ ಇಂತಹ ಪೊಟ್ಟಣಗಳಿಗೆ 121 ಡಿಗ್ರಿ ಸೆಲ್ಸಿಯಸ್ ಉಗಿ ಸುಮಾರು 30 ನಿಮಿಷ ತಾಗಬೇಕು. ಒತ್ತೊತ್ತಾಗಿ ತುಂಬಿದರೆ ನಡುವಿನ ಪೊಟ್ಟಣಗಳಿಗೆ ಉಗಿ ತಲಪದು. ಒದ್ದೆಯಾಗಿಯೇ ಹೊರಗೆ ತೆಗೆದರೆ ತೇವದ ದಾರಿಯಿಂದ ಹೊರಗಿನ ರೋಗಾಣುಗಳು ಒಳಗೆ ಸೇರುತ್ತವೆ. ಪೊಟ್ಟಣಕ್ಕೆ ಅಂಟಿಸಿದ ಪಟ್ಟಿಯಲ್ಲಿ ಬಿಸಿ ತಾಗಿದಾಗ ಕಪ್ಪು ಗೆರೆಗಳು ಮೂಡುತ್ತವೆ. ಆದರೆ ಆ ಗೆರೆ, ಪೊಟ್ಟಣ ಯಂತ್ರದೊಳಗೆ ಹೋಗಿ ಬಂದಿದೆ ಎಂಬುದಕ್ಕಷ್ಟೇ ಸಾಕ್ಷಿ. ರೋಗಾಣು ನಿಜವಾಗಿ ಸತ್ತಿದೆಯೇ ಎಂದು ತಿಳಿಯಲು, ಬಿಸಿಗೆ ಸುಲಭದಲ್ಲಿ ಸಾಯದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಯಂತ್ರದೊಳಗಿಟ್ಟು, ಬಳಿಕ ಅವು ಬೆಳೆಯುತ್ತವೆಯೇ ಎಂದು ನೋಡುವ ಕ್ರಮವಿದೆ. ಇವೆಲ್ಲವನ್ನೂ ದಿನಾಲೂ ಬೇಸರಿಸದೆ ಮಾಡುವವರು, ಒಂದು ದಿನ ಅವಸರದಲ್ಲಿ ಗೆರೆ ಮೂಡದ ಪೊಟ್ಟಣವನ್ನು ಕಳುಹಿಸಿಬಿಟ್ಟರೆ, ಎಂಥ ಕೈಚಳಕದ ಸರ್ಜನರಾದರೂ ಗಾಯದಲ್ಲಿ ಕೀವು ತುಂಬುವುದನ್ನು ತಡೆಯಲಾರರು. ಆಗ ಬೈಗುಳ ಮಾತ್ರ ಸರ್ಜನರಿಗೆ.

ನಮ್ಮ ಮಕ್ಕಳಿಗೆ ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ರಾತ್ರಿ ದೀಪ ಹಿಡಿದು ನಡೆಯುವ ತಾಯಿ. 1854ರ ಚಳಿಗಾಲದಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದ ಆಕೆ ಬಟ್ಟೆ ಒಗೆಯಲು ಬಿಸಿನೀರಿನ ಹಂಡೆಗಳನ್ನು ಹೂಡಿಸಿದ್ದು, ರೋಗಿಗಳ ಪಥ್ಯಕ್ಕೆ ಬೇರೆ ಅಡುಗೆಮನೆ ಮಾಡಿಸಿದ್ದು ದೀಪದ ಬೆಳಕಿನಲ್ಲಿ ಮರೆಯಾಗಿದೆ. 1855ರ ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗದವರು ಕಟ್ಟಡದ ಕೆಳಗೆ ತುಂಬಿ ನಿಂತಿದ್ದ ಚರಂಡಿಗಳನ್ನು ತೆರವುಗೊಳಿಸಿದ ಮೇಲೆ ಸಾವುಗಳು ಬಹಳವಾಗಿ ಇಳಿದವು.

ಕಸದ ವಿಷಯವನ್ನೂ ಹೇಳಬೇಕು. ಆಸ್ಪತ್ರೆಯ ಮೂಲೆಯಲ್ಲಿ ಬಣ್ಣಬಣ್ಣದ ಬುಟ್ಟಿಗಳನ್ನು ಎಲ್ಲರೂ ನೋಡಿರುತ್ತೀರಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜುಗಳಿಗೆ ಹಳದಿ, ಗ್ಲುಕೋಸಿನ ನಳಿಗೆ, ಕೈಗವಸುಗಳಿಗೆ ಕೆಂಪು, ಗಾಜಿಗೆ ನೀಲಿ, ಸೂಜಿ, ಬ್ಲೇಡುಗಳಿಗೆ ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿ. ಹೀಗೆ ಬೇರ್ಪಟ್ಟ ಕಸ ಕಾಸರಗೋಡಿನಿಂದ ಸುಮಾರು 300 ಕಿಲೋಮೀಟರ್ ದೂರದ ಪಾಲಕ್ಕಾಡಿಗೆ ಹೋಗುತ್ತದೆ. ಭಾರತೀಯ ವೈದ್ಯಕೀಯ ಸಂಘದ ಕೇರಳ ಘಟಕ ಅಲ್ಲಿ ನಡೆಸುವ 'ಇಮೇಜ್' ಕೇಂದ್ರದಲ್ಲಿ ಅದರ ವಿಲೇವಾರಿ. ಹಳದಿ ಚೀಲಕ್ಕೆ ಯಾರೋ ಅಜಾಗರೂಕತೆಯಿಂದ ಎಸೆದ ಒಂದು ಸೂಜಿ ಅಷ್ಟೂ ದಾರಿಯುದ್ದಕ್ಕೂ ಚೀಲ ಎತ್ತುವವರ ಅಂಗೈಯನ್ನು ಕಾದು ಕುಳಿತಿರುತ್ತದೆ. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಕೊಡಿಸುವುದು ಆಸ್ಪತ್ರೆಯ ಹೊಣೆಯೆಂದು ಅದೇ ನಿಯಮ ಹೇಳುತ್ತದೆ. ಗುತ್ತಿಗೆಯವರೆಂದು ಯಾರನ್ನೂ ಬಿಡುವಂತಿಲ್ಲ. ರೋಗಿಯನ್ನು ನೋಡಲು ಹೋಗುವ ನಾವೂ ಬಾಳೆಹಣ್ಣಿನ ಸಿಪ್ಪೆಯನ್ನು ಆ ಬುಟ್ಟಿಗಳಿಗೆ ಎಸೆಯುವ ಚಟವನ್ನು ಬಿಡಬೇಕು.

ನಮ್ಮ ಜಿಲ್ಲೆಯವರಿಗೆ ಇದೆಲ್ಲ ಪಾಠವಾಗಿ ಕಾಣಿಸಿದ್ದು 2020ರಲ್ಲಿ. ಭಾರತದ ಮೂರನೆಯ ಕೊರೋನಾ ರೋಗಿ ಪತ್ತೆಯಾದದ್ದು ಫೆಬ್ರವರಿ 3ರಂದು, ನಮ್ಮಲ್ಲೇ. ಚಿಕಿತ್ಸೆ ನಡೆದದ್ದು ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ. ಮಾರ್ಚ್ ಕೊನೆಗೆ ತಲಪಾಡಿಯ ಗಡಿ ಮುಚ್ಚಿತು. ಹಳ್ಳಿಯ ಒಳದಾರಿಗಳಿಗೂ ಮಣ್ಣು ಸುರಿದರು. ಹೃದ್ರೋಗಕ್ಕೂ ಡಯಾಲಿಸಿಸಿಗೂ ಹೆರಿಗೆಗೂ ಮಂಗಳೂರನ್ನೇ ನಂಬಿದ್ದ ಮಂಜೇಶ್ವರದ ಜನ ಆಂಬುಲೆನ್ಸಿನಲ್ಲಿ ಕುಳಿತು ಹಿಂದಿರುಗಿದರು. ಹಲವರು ದಾರಿಯಲ್ಲೇ, ಮನೆಯಲ್ಲೇ ತೀರಿಕೊಂಡರು. ಎಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯ ರೋಗಿಗಳಿಗೆ ದಾರಿ ಬಿಡಬೇಕೆಂದು ಆದೇಶಿಸಿತು. ಎಪ್ರಿಲ್ 6ರಂದು ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ಅದರ ಶಿಲಾನ್ಯಾಸವಾದದ್ದು 2013ರಲ್ಲಿ. ಏಳು ವರ್ಷ ಗೋಡೆಯಾಗಿಯೇ ಇದ್ದ ಗೋಡೆ ಆಸ್ಪತ್ರೆಯಾಗಬೇಕಾದರೆ ತಿರುವನಂತಪುರದಿಂದ ವೈದ್ಯರು, ದಾದಿಯರು, ನರ್ಸಿಂಗ್ ಸಹಾಯಕರು ಒಟ್ಟಾಗಿ ಬರಬೇಕಾಯಿತು. ಮಂಚ, ನೀರು, ಊಟ, ಬಟ್ಟೆ, ಶೌಚಾಲಯಗಳನ್ನು ನೋಡಿಕೊಳ್ಳುವವರು ಬೇಕಾಯಿತು. ಮರುವರ್ಷ ಮೇ ತಿಂಗಳಲ್ಲಿ ಆಮ್ಲಜನಕದ ಸಿಲಿಂಡರುಗಳಿಗೆ ತತ್ವಾರವಾದಾಗ ಖಾಲಿ ಸಿಲಿಂಡರಿದ್ದವರು ಕೊಡಿರೆಂದು ಜಿಲ್ಲಾಡಳಿತವೇ ಜನರಲ್ಲಿ ಬೇಡಿಕೊಂಡಿತು.

ಈಗ ಆ 'ರಾವಿಲೆ'ಗೆ ಮರಳುತ್ತೇನೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ಮದ್ದಿನ ಕ್ರಮವನ್ನು ಹೇಳುವುದು ಕೂಡ ಒಂದು ಸೇವೆ. ಶುದ್ಧವಾದ ಕತ್ತರಿಯಷ್ಟೇ ಅಗತ್ಯವಾದದ್ದು. 1969ರ ಕೇರಳ ರಾಜ್ಯಭಾಷಾ ಶಾಸನದಂತೆ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳಿಗೂ ಇದು ಅನ್ವಯ, ಉತ್ತರವೂ ಕನ್ನಡದಲ್ಲೇ ಬರಬೇಕು. ಆದರೆ ಎಂಬತ್ತರ ಮುದುಕಿ ಔಷಧಿಯ ಕಿಟಕಿಗೆ ಅರ್ಜಿ ಬರೆಯುವುದಿಲ್ಲ. ಕೈಯೊಡ್ಡುತ್ತಾಳೆ, ಅಷ್ಟೇ. ಆ ಕೈಗೆ ಬೀಳುವ ಪೊಟ್ಟಣದ ಮೇಲೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮೂರು ಪದಗಳು ಎರಡು ಲಿಪಿಗಳಲ್ಲಿ ಅಚ್ಚಾಗಿರಲು ಹೊಸ ಶಾಸನ ಬೇಕಿಲ್ಲ. ಒಂದು ರಬ್ಬರ್ ಮೊಹರು ಸಾಕು. ಪಂಚಾಯತು ಸದಸ್ಯರು ಆಸ್ಪತ್ರೆಯ ನಿರ್ವಹಣಾ ಸಮಿತಿಯ ಸಭೆಗೆ ಹೋಗುವಾಗ ಈ ಒಂದು ಬೇಡಿಕೆಯನ್ನಾದರೂ ಕೊಂಡೊಯ್ಯಲಿ.

ಅಲ್ಲಿಯವರೆಗೆ ಈ ಹೊರೆ ನಮ್ಮ ಶಾಲೆಯ ಮಕ್ಕಳ ಹೆಗಲಿಗೆ ಬೀಳುತ್ತದೆ. ಮಲಯಾಳ ಬಲ್ಲ ಆರನೆಯ ತರಗತಿಯ ಹುಡುಗ ಶಾಲೆಗೆ ರಜೆ ಹಾಕಿ ಅಜ್ಜಿಯ ಜತೆ ಓ.ಪಿ.ಯಲ್ಲಿ ದುಭಾಷಿಯಾಗಿ ನಿಲ್ಲುತ್ತಾನೆ. ಅಜ್ಜಿಗೆ ಹೇಳಲು ನಾಚಿಕೆಯಾಗುವ ತೊಂದರೆಯನ್ನು ಅವನ ಬಾಯಿಯಿಂದ ಹೇಳಿಸಬೇಕು. ವೈದ್ಯರು ಹೇಳಿದ ಕಠಿಣ ಸುದ್ದಿಯನ್ನು ಅವನೇ ಅಜ್ಜಿಗೆ ದಾಟಿಸಬೇಕು. ಅಜ್ಜಿ ಅರ್ಧ ಮುಚ್ಚಿಡುತ್ತಾಳೆ, ಅವನು ಅರ್ಧ ತಪ್ಪಿ ಹೇಳುತ್ತಾನೆ. ಇದು ಮಗುವಿಗೂ ಅನ್ಯಾಯ, ರೋಗಿಗೂ ಅಪಾಯ. ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ನಾವು ಬೀದಿಗಿಳಿದಿದ್ದೇವೆ. ವಾರ್ಡಿಗೆ ಕನ್ನಡ, ತುಳು ಬಲ್ಲ ಒಬ್ಬ ಅಟೆಂಡರು ಬೇಕೆಂದು ಅಷ್ಟೇ ಗಟ್ಟಿಯಾಗಿ ಕೇಳಿದ ನೆನಪು ನನಗಿಲ್ಲ.

ಕೇಳುವುದರ ಜತೆಗೆ ಕಲಿಸುವುದೂ ಇದೆ. ಪ್ಲಸ್ ಟು ವಿಜ್ಞಾನ ಮುಗಿಸಿದ ಮಕ್ಕಳಿಗೆ ಡಾಕ್ಟರಿಕೆ ಸಿಗದಿದ್ದರೆ ಎಲ್ಲವೂ ಮುಗಿಯಿತೆಂದು ಕೊರಗುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಲ್ಯಾಬ್, ಫಾರ್ಮಸಿ, ಡಯಾಲಿಸಿಸ್, ಶಸ್ತ್ರಚಿಕಿತ್ಸಾ ಕೊಠಡಿಯ ತಂತ್ರಜ್ಞಾನ ಇವುಗಳಿಗೆ ಮಾತ್ರವಲ್ಲ, ಮೇಲೆ ಹೇಳಿದ ಉಪಕರಣ ಶುದ್ಧೀಕರಣಕ್ಕೆಂದೇ ಕೇರಳದಲ್ಲಿ ಡಿಪ್ಲೊಮಾ ಶಿಕ್ಷಣವಿದೆ. ಕನ್ನಡ, ತುಳು, ಮಲಯಾಳ ಮೂರನ್ನೂ ಆಡಬಲ್ಲ ಒಬ್ಬ ಹುಡುಗಿ ಔಷಧಿಯ ಕಿಟಕಿಯ ಆಚೆ ಕುಳಿತರೆ ಎಷ್ಟು ಜನ ಬೀಳದೆ ಉಳಿಯಬಹುದೆಂದು ಎಣಿಸಿ ನೋಡಿ.

ದೊಡ್ಡಮ್ಮನ ಕೈಯ ಪ್ಲಾಸ್ಟರ್ ತೆಗೆದು ಎರಡು ತಿಂಗಳಾಯಿತು. ಹೊಸ ಮಾತ್ರೆ ತಂದ ದಿನ ಪೊಟ್ಟಣವನ್ನು ಮೊದಲು ನನ್ನ ಕೈಗೆ ಕೊಟ್ಟು, ಸೂರ್ಯನನ್ನು ಬರೆದುಕೊಡು ಎನ್ನುತ್ತಾರೆ.